ಹಾಲ್ ಫಾರ್ಮಿನ ಕಂದಕ

ಸಂಶೋಧನೆಗೆ ಸೇರಿದ ಮೊದಲ ಚಳಿಗಾಲದಲ್ಲಿ ನಾನು ಕಂದಕಕ್ಕೆ ಬಿದ್ದೆ. ಇಂಗ್ಲೆಂಡಿನ ಪೂರ್ವಭಾಗದ ಒಂದು ಹಳ್ಳಿ, ಫೆಬ್ರವರಿಯ ಬೆಳಗು, ನೀರಿನ ಮೇಲೆ ತೆಳುವಾದ ಮಂಜುಗಡ್ಡೆ. ಅಳತೆಯ ಟೇಪು ಹಿಡಿದು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದವನು ಎದೆಯವರೆಗೆ ಮುಳುಗಿದೆ. ಆ ಹೊಲದ ರೈತ ಹಗ್ಗ ಎಸೆದು ಎಳೆದುಕೊಂಡ. ಬೂಟಿನೊಳಗೆ ನುಗ್ಗಿದ ಕೆಸರಿನ ತಣ್ಪು ನನ್ನ ಕಾಲ್ಬೆರಳುಗಳಲ್ಲಿ ಈಗಲೂ ಇದೆ.

ಈ ಕಥೆಯನ್ನು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ನಮ್ಮ ಮನೆಗೆ ಊಟಕ್ಕೆ ಬಂದವರಿಗೆಲ್ಲ ಹೇಳಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಜೊತೆ ಓದಿದ ಡೆರೆಕ್ ಇಂಗ್ಲೆಂಡಿನಿಂದ ಬಂದಿದ್ದ. ಹಿಲ್ಡಾ, ಅಂದರೆ ನನ್ನ ಹೆಂಡತಿ, ಅವನಿಗೆಂದು ಇಡ್ಲಿಯಂಥ ಸನ್ನ ಮತ್ತು ಮೀನಿನ ಗಸಿ ಮಾಡಿದ್ದಳು. ಬೇರೆ ಅತಿಥಿಗಳೂ ಇದ್ದರು. ನಾನು ನನ್ನ ಕಂದಕದ ಕಥೆ ಶುರು ಮಾಡಿದೆ. ಡೆರೆಕ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಾಯಿ ಒರೆಸಿಕೊಂಡು ಮೆಲ್ಲಗೆ ಹೇಳಿದ: "ಬಿದ್ದವನು ನಾನು. ನೀನು ದಡದ ಮೇಲೆ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ನಗುತ್ತಿದ್ದೆ."

ಹಿಲ್ಡಾಳಿಗೆ ಅಷ್ಟೇ ಸಾಕಾಯಿತು. "ಪಾಪ ಮಾರಾಯ್ರೆ, ಇವರ ಕಾಲಿಗೆ ಇಷ್ಟು ವರ್ಷ ಸುಮ್ಮನೆ ಚಳಿ ಆಯ್ತಲ್ಲ!" ಎಂದಳು. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಇಲ್ಲಿ ಅದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾಗೆ ತರುವಾಗ ಅವಳ ಮಾತಿನ ಖಾರ ಸ್ವಲ್ಪ ಕಡಿಮೆಯಾಗುತ್ತದೆ.

ಯಾರ ನೆನಪು ಸರಿ? ಗೊತ್ತಿಲ್ಲ. ಡೆರೆಕ್‌ಗೂ ವಯಸ್ಸಾಗಿದೆ. ಆದರೆ ಅವತ್ತಿನಿಂದ ನಾನು ಹಳೆಯದನ್ನು ಹೇಳುವಾಗ ಒಂದು ಕಾಲು ಹಿಂದಿಟ್ಟುಕೊಂಡೇ ಹೇಳುತ್ತೇನೆ. ಪುರಾತತ್ವ ಓದಲು ಕರ್ನಾಟಕದಿಂದ ಇಲ್ಲಿಗೆ ಬರುವ ಮಕ್ಕಳು ಆಗಾಗ ಫೋನ್ ಮಾಡಿ, "ಅಂಕಲ್, ಈ ಕೆಲಸ ನಿಜವಾಗಿ ಹೇಗಿರುತ್ತೆ?" ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಮೇಲಿನ ಎಚ್ಚರಿಕೆಯನ್ನು ಉಳಿದ ಪುಟಗಳಿಗೂ ಅನ್ವಯಿಸಿಕೊಳ್ಳಿ.

ಮೊದಲು ಕೆಲಸ ಏನೆಂದು ಹೇಳಬೇಕು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಮೀನುಳ್ಳವರು ತಮ್ಮ ಮನೆಯ ಸುತ್ತ ನೀರು ನಿಲ್ಲುವ ಕಂದಕ ತೋಡಿಸುತ್ತಿದ್ದರು. ಕೋಟೆ ಎಂದುಕೊಳ್ಳಬೇಡಿ. ನಮ್ಮ ತುಳುನಾಡಿನ ಗುತ್ತಿನ ಮನೆಯನ್ನು ನೆನೆಯಿರಿ: ಊರಿನ ನ್ಯಾಯ ಅನ್ಯಾಯ ಹೇಳುವ ಮನೆ, ಜೊತೆಗೆ ಹಟ್ಟಿ, ಕಣಜ, ಬಾವಿ. ಅದರ ಸುತ್ತ ಚೌಕಾಕಾರದ ಅಗಳು ತೋಡಿ ನೀರು ತುಂಬಿಸಿ, ಒಂದು ಕಡೆ ಸೇತುವೆ ಇಟ್ಟರೆ ಹೆಚ್ಚು ಕಡಿಮೆ ಅದೇ. ಯಾಕೆ ತೋಡಿದರು ಎಂಬುದಕ್ಕೆ ನಮ್ಮಲ್ಲಿ ಇನ್ನೂ ಜಗಳವಿದೆ. ಕಳ್ಳರ ಭಯ, ದನ ನುಗ್ಗದಿರಲಿ ಎಂಬ ಆಸೆ, ಜೌಗು ಜೇಡಿನೆಲ ಒಣಗಲಿ ಎಂಬ ಉಪಾಯ, ಮೀನು, ಮತ್ತೆ ಪಕ್ಕದ ಊರಿನವನ ಮನೆಗೆ ಇದೆ ನಮಗಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು. ಪಿಎಚ್‌ಡಿ ಪ್ರಬಂಧದಲ್ಲಿ ಇವಕ್ಕೆಲ್ಲ ಒಂದೊಂದು ಅಧ್ಯಾಯ ಕೊಟ್ಟಿದ್ದೆ. ಈಗ ಕೇಳಿದರೆ ನನ್ನ ಓಟು ಹೊಟ್ಟೆಕಿಚ್ಚಿಗೆ.

ಮನೆಗಳು ಬಹುಮಟ್ಟಿಗೆ ಹೋಗಿವೆ. ಉಳಿದಿರುವುದು ಸ್ವಲ್ಪ ಎತ್ತರದ ಹುಲ್ಲಿನ ಚೌಕ, ಅದರ ಸುತ್ತ ತಗ್ಗು, ತಗ್ಗಿನಲ್ಲಿ ಒಂದಿಷ್ಟು ನೀರು ಅಥವಾ ತುರಿಕೆ ಗಿಡ. ಗೊತ್ತಿಲ್ಲದವರು ಅದರ ಮೇಲೆ ನಡೆದುಹೋದರೂ ಗೊತ್ತಾಗುವುದಿಲ್ಲ. ಅದನ್ನು ಗುರುತಿಸಿ, ಅಳೆದು, ಚಿತ್ರ ಬರೆದು, ಇದು ಇಂಥದ್ದು ಎಂದು ಹೇಳುವುದು ನಮ್ಮ ಕೆಲಸ.

ನನಗೆ ಇದನ್ನು ಕಲಿಸಿದವರು ಮಾರ್ಗರೆಟ್ ಎಂಬ ಪ್ರೊಫೆಸರ್. ಕುಳ್ಳಗೆ, ಗಟ್ಟಿಮುಟ್ಟಾಗಿ, ಯಾವ ಹವೆಯಲ್ಲೂ ಒಂದೇ ಹಸಿರು ಕೋಟು. ಮೊದಲ ದಿನ ನನ್ನನ್ನು ಒಂದು ಹೊಲದಲ್ಲಿ ಸುತ್ತು ಹಾಕಿಸಿ, "ಏನು ನೋಡಿದೆ?" ಎಂದರು.

"ಕಂದಕ," ಎಂದೆ ಹೆಮ್ಮೆಯಿಂದ.

"ಸುಳ್ಳು. ನೀನು ನೋಡಿದ್ದು ಒಂದು ಇಳಿಜಾರು. ಕಂದಕ ನಿನ್ನ ತಲೆಯಲ್ಲಿ ಮೊದಲೇ ಇತ್ತು. ಮತ್ತೆ ಹೋಗು."

ಮತ್ತೆ ಹೋದೆ. ಆ ವಾರವಿಡೀ ಮತ್ತೆ ಮತ್ತೆ ಹೋದೆ. ಇಳಿಜಾರು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ ಎಂಬುದು ನಿಧಾನಕ್ಕೆ ಅಭ್ಯಾಸವಾಯಿತು. ಚಳಿಗಾಲದ ಬೆಳಗಿನಲ್ಲಿ ಸೂರ್ಯ ತೀರ ಕೆಳಗಿರುವಾಗ ಹೊಲಕ್ಕೆ ಹೋಗಬೇಕು, ಅಗತ್ಯ ಬಿದ್ದರೆ ಹುಲ್ಲಿನ ಮೇಲೆ ಹೊಟ್ಟೆಯಡಿಯಾಗಿ ಮಲಗಿ ನೋಡಬೇಕು. ಮಧ್ಯಾಹ್ನಕ್ಕೆ ಅದೇ ನೆಲ ಇಸ್ತ್ರಿ ಹಾಕಿದ ಹಾಗೆ ಕಾಣುತ್ತದೆ. ಇಳಿಜಾರನ್ನು ಕಾಗದದ ಮೇಲೆ ತೋರಿಸಲು ಸಾಲಾಗಿ ಸಣ್ಣ ಗೆರೆ ಎಳೆಯುತ್ತೇವೆ, ಎತ್ತರದ ಕಡೆ ದಪ್ಪ ತಲೆ, ತಗ್ಗಿನ ಕಡೆ ಸಪೂರ ಬಾಲ. ಥೇಟ್ ಗೊದಮೊಟ್ಟೆ. ನನ್ನ ಮಗಳು ಚಿಕ್ಕವಳಿದ್ದಾಗ ನಾನು ಆಫೀಸಿನಲ್ಲಿ ಗೊದಮೊಟ್ಟೆ ಸಾಕುತ್ತೇನೆಂದೇ ಶಾಲೆಯಲ್ಲಿ ಹೇಳಿದ್ದಳಂತೆ.

ಹಿಲ್ಡಾ ನರ್ಸ್. ಅವಳಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು, ನಾನು ಅವಳ ಹಿಂದೆ ಬಂದೆ. ಕಂದಕಗಳ ಮೇಲೆ ಪಿಎಚ್‌ಡಿ ಮಾಡಿದವನು ಒಂದೂ ಮಧ್ಯಯುಗದ ಕಂದಕವಿಲ್ಲದ ದೇಶಕ್ಕೆ ಬಂದದ್ದು ನಮ್ಮ ನೆಂಟರಿಗೆ ಒಳ್ಳೆಯ ತಮಾಷೆಯಾಯಿತು. ಅದರ ಹೊರವಲಯದ ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದೆವು. ಬೆಳಗ್ಗೆ ಫ್ರೀವೇಯಲ್ಲಿ ಸಿಟಿಗೆ ಹೋಗುವಾಗ ಕಾರುಗಳ ನಡುವೆ ಸಿಕ್ಕಿಕೊಂಡು, ನನ್ನ ವಿದ್ಯೆಯಿಂದ ಈ ಊರಿಗೆ ಏನುಪಯೋಗ ಎಂದು ಎಷ್ಟೋ ಸಲ ಯೋಚಿಸಿದ್ದುಂಟು. ಈ ನೆಲದ ಮೂಲಜನರ ಕುರುಹುಗಳು ಬೇರೆಯೇ ಲೋಕ. ಅವನ್ನು ಅವರ ಹಿರಿಯರ ಜೊತೆ ನಡೆದು ಕಲಿಯಬೇಕು, ಬಹಳ ಸಲ ಬಾಯಿ ಮುಚ್ಚಿಕೊಂಡು. ನನ್ನ ಪಾಲಿಗೆ ಬಂದದ್ದು ವಸಾಹತುಗಾರರ ಹಳೆಯ ಕುರಿಹೊಲಗಳು: ಮನೆಯ ಅಡಿಪಾಯ, ಕಾಲುವೆ, ಕುರಿ ತೊಳೆಯುವ ಹೊಂಡ. ತಗ್ಗು ತಗ್ಗೇ, ಏರಿ ಏರಿಯೇ. ಗೊದಮೊಟ್ಟೆಗಳು ಮತ್ತೆ ಹುಟ್ಟಿದವು. ಅಲ್ಲಿನ ನನ್ನ ಬಾಸ್ ಕೆನ್, ಮಾತು ಕಡಿಮೆ, ಡ್ರೈವಿಂಗ್ ಜಾಸ್ತಿ. ಅವನ ಜೊತೆಗಿನ ಒಂದು ಪ್ರಸಂಗವನ್ನು ಮುಂದೆ ಅದರ ಜಾಗ ಬಂದಾಗ ಹೇಳುವುದೇ ಒಳ್ಳೆಯದು.

ಕೆಲಸದ ಕೊನೆಯ ಕೆಲವು ವರ್ಷ ಸಿಡ್ನಿಯಲ್ಲಿ. ಅಲ್ಲೊಂದು ಸಣ್ಣ ಸಂಸ್ಥೆ ಇಂಗ್ಲೆಂಡಿನ ಜಿಲ್ಲೆಗಳಿಗೆ ದೂರದಿಂದಲೇ ನಕ್ಷೆ ಮಾಡಿಕೊಡುತ್ತಿತ್ತು. ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರುತಗ್ಗು ಅಳೆದ ಮಾಹಿತಿ, ಹಳೆಯ ವಿಮಾನ ಫೋಟೋಗಳು, ಎಲ್ಲ ಕಂಪ್ಯೂಟರಿಗೆ ಬರುತ್ತಿದ್ದವು. ಅವರು ಮಲಗುವಾಗ ಕಳಿಸಿದರೆ ಏಳುವಾಗ ನಮ್ಮ ಉತ್ತರ ಸಿದ್ಧ. ಹೀಗೆ ನಾನು ಬಿಟ್ಟುಬಂದ ಕಂದಕಗಳು, ಅರ್ಧ ಭೂಮಿ ದಾಟಿ ನನ್ನನ್ನೇ ಹುಡುಕಿಕೊಂಡು ಬಂದವು. ಕಾಲಿಗೆ ಕೆಸರು ಮೆತ್ತುವುದು ತಪ್ಪಿತು. ಕುತ್ತಿಗೆ ನೋವು ಹೊಸದಾಗಿ ಬಂತು. ಲೇಸರ್ ಅದ್ಭುತ. ಮರಗಳನ್ನು ಅಳಿಸಿ ಅಡಿಯ ನೆಲ ತೋರಿಸುತ್ತದೆ. ನಾವು ಒಂದು ಚಳಿಗಾಲವಿಡೀ ಅಳೆಯುತ್ತಿದ್ದುದನ್ನು ಚಹಾ ಆರುವ ಮೊದಲು ಮುಗಿಸುತ್ತದೆ. ಇದರ ಬಗ್ಗೆ ಗೊಣಗುವ ಹಳಬರ ಗುಂಪಿಗೆ ನಾನು ಸೇರುವುದಿಲ್ಲ.

ಅಲ್ಲಿ ನನ್ನ ಜೊತೆ ಕೆಲಸಕ್ಕೆ ಬಂದವಳು ರಚನಾ. ದಾವಣಗೆರೆಯವಳು, ಮೆಲ್ಬರ್ನ್‌ನಲ್ಲಿ ಮಾಸ್ಟರ್ಸ್ ಮಾಡಿ, ಕಾಯಂ ವಾಸಕ್ಕೆ ಪಿಆರ್ ಸಿಕ್ಕಿ, ಗಂಡನೊಂದಿಗೆ ಕೆಲ್ಲಿವಿಲ್‌ನಲ್ಲಿ ನೆಲೆಸಿದವಳು. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಅವಳಿಗೆ ನನ್ನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಮೀಟಿಂಗಿನಲ್ಲಿ "ಇವರು" ಎನ್ನುವ ಅರ್ಥದಲ್ಲಿ ಕೈ ತೋರಿಸುವಳು, ಹೊರಗೆ ಬಂದ ಕೂಡಲೇ "ಅಂಕಲ್". ಬಹಳ ಚುರುಕು. ನಾನು ಎರಡು ಸಲ ನೋಡಬೇಕಾದದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ನಮ್ಮಿಬ್ಬರ ಮೇಲೆ ಹೆಲೆನ್, ಆಫೀಸಿನ ಮುಖ್ಯಸ್ಥೆ. ಒಂದು ವಾಕ್ಯದಲ್ಲಿ "ಬಹುಶಃ" ಎರಡು ಸಲ ಬಂದರೆ ವರದಿ ವಾಪಸ್ ಕಳಿಸುವ ಹೆಂಗಸು.

ಆಗ ಒಂದು ಹೊಲದ ಫೈಲು ಬಂತು. ಹೆಸರು ಹಾಲ್ ಫಾರ್ಮ್. ಅಲ್ಲಿ ಹೊಸ ಮನೆಗಳ ಬಡಾವಣೆ ಬರುವುದಿತ್ತು. ಕಟ್ಟುವ ಮೊದಲು ನೆಲದಡಿ ಏನಾದರೂ ಇದೆಯೇ ಎಂದು ನಾವು ಹೇಳಬೇಕು. ಇದೆ ಎಂದರೆ ಅಗೆದು ನೋಡುತ್ತಾರೆ, ಇಲ್ಲ ಎಂದರೆ ನೇರ ಜೆಸಿಬಿ. ರಚನಾ ಒಬ್ಬಳೇ ಸಹಿ ಹಾಕುವ ಮೊದಲ ವರದಿ ಅದು. ನೆಲವನ್ನು ಎಂದೋ ಸಪಾಟು ಮಾಡಿದ್ದರಿಂದ ಲೇಸರಿನಲ್ಲಿ ಏನೂ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಉಳಿದಿದ್ದು ಸಪಾಟು ಮಾಡುವುದಕ್ಕೆ ಮೊದಲು ವಿಮಾನದಿಂದ ತೆಗೆದ ಒಂದೇ ಒಂದು ಕಪ್ಪುಬಿಳುಪು ಫೋಟೋ. ಅದರಲ್ಲಿ ಸ್ಪಷ್ಟವಾದ ಚೌಕ. ಅವಳು ಅದನ್ನು ಮಣ್ಣಿನ ಗಿಡ್ಡನೆಯ ಏರಿ ಎಂದು ಓದಿದಳು: ದನ ಕೂಡಿಹಾಕಲು ಈಚಿನವರು ಯಾರೋ ಹಾಕಿಕೊಂಡದ್ದು. ಏರಿಯನ್ನು ಸಪಾಟು ಮಾಡಿದರೆ ಅದು ಹೋಯಿತು, ಅಡಿಯಲ್ಲಿ ಏನೂ ಉಳಿಯುವುದಿಲ್ಲ. ಹಾಗೆ ಬರೆದು ಕರಡನ್ನು ಇಂಗ್ಲೆಂಡಿಗೆ ಕಳಿಸಿಯೂ ಆಗಿತ್ತು. ಅವರಿಗೆ ಸಂತೋಷ. ವಾರದ ಕೊನೆಗೆ ಅಂತಿಮ ಪ್ರತಿ ಕೊಡಬೇಕಿತ್ತು.

ನಾನು ಅವಳ ಪರದೆಯನ್ನು ಹಾದುಹೋಗುವಾಗ ಹೆಸರು ಕಣ್ಣಿಗೆ ಬಿತ್ತು. ಹಾಲ್ ಫಾರ್ಮ್. ನಿಂತುಬಿಟ್ಟೆ.

ಆ ಹೊಲದಲ್ಲಿ ನಾನು ನಡೆದಿದ್ದೆ. ಇಟ್ಟಿಗೆಯ ದೊಡ್ಡ ಕೊಟ್ಟಿಗೆ, ಬಾಗಿದ ವಾಲ್‌ನಟ್ ಮರ, ಅಟ್ಟಿಸಿಕೊಂಡು ಬಂದ ಬಾತುಗಳು, ಅವುಗಳಿಂದ ತಪ್ಪಿಸಿಕೊಳ್ಳಲು ನಾನು ಇಳಿದ ಆಳವಾದ ಕಂದಕ. ಮಾರ್ಗರೆಟ್ ದಡದಲ್ಲಿ ನಿಂತು, "ಒಳ್ಳೆಯದಾಯಿತು, ಆಳ ಎಷ್ಟಿದೆ ನೋಡು," ಎಂದದ್ದೂ ಕಿವಿಯಲ್ಲಿತ್ತು.

"ರಚನಾ, ಅಲ್ಲಿ ಕಂದಕ ಇದೆ," ಎಂದೆ.

ಅವಳು ಕುರ್ಚಿ ತಿರುಗಿಸಿದಳು. "ಎಲ್ಲಿದೆ ಅಂಕಲ್? ಫೋಟೋ ನೋಡಿ, ಏರಿ ಹೆಂಗ್ ಎದ್ದು ಕಾಣ್ತೈತಿ. ಕೈಯಲ್ಲಿ ಸವರಬಹುದು."

ನೋಡಿದೆ. ನಿಜಕ್ಕೂ ಏರಿಯೇ. ಉಬ್ಬಿದ ಚೌಕ, ಮಧ್ಯೆ ತಗ್ಗು. ಅನುಮಾನವೇ ಇಲ್ಲ.

"ನಾನು ಅಲ್ಲಿ ನಡೆದಿದ್ದೇನೆ," ಎಂದು ಕೊಟ್ಟಿಗೆ, ಬಾತುಗಳ ವಿಷಯವನ್ನೂ ಹೇಳಿದೆ.

"ನೀವು ಕಂದಕಕ್ಕೆ ಬಿದ್ದೂ ಇದ್ರಿ," ಎಂದಳು. ನಮ್ಮ ಮನೆಯ ಆ ಊಟಕ್ಕೆ ಅವಳೂ ಬಂದಿದ್ದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಸಾರಿ ಅಂಕಲ್, ತಮಾಷೆಗೆ ಅಂದೆ."

ತಮಾಷೆಗೇ ಇರಬಹುದು, ಆದರೆ ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಹೆಲೆನ್ ಬಳಿ ಹೋದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

"ನಿನಗೆ ನೆನಪಿದೆ. ಸರಿ. ಅದನ್ನು ವರದಿಯಲ್ಲಿ ಯಾವ ಪುಟದಲ್ಲಿ ಹಾಕಲಿ?"

"ಹಾಕಲು ಆಗುವುದಿಲ್ಲ."

"ನೆನಪಿನ ಮೇಲೆ ನೀನು ಎಷ್ಟು ಪಂದ್ಯ ಕಟ್ಟುತ್ತೀಯ?"

"ಕಟ್ಟುವುದಿಲ್ಲ," ಎಂದೆ. ಸತ್ಯವನ್ನೇ ಹೇಳಿದೆ.

"ಹಾಗಾದರೆ ನಾನು ಬೆರಳಿಟ್ಟು ತೋರಿಸಬಹುದಾದದ್ದು ಏನಾದರೂ ತಂದುಕೊಡು. ಇಲ್ಲವಾದರೆ ಆ ಹುಡುಗಿಯನ್ನು ಅವಳ ಪಾಡಿಗೆ ಬಿಡು. ಅವಳು ಚೆನ್ನಾಗಿ ಕೆಲಸ ಮಾಡಿದ್ದಾಳೆ."

ಅದೂ ನಿಜ. ಮನೆಗೆ ಬಂದು ಅದನ್ನೇ ತಲೆಯಲ್ಲಿ ತಿರುವಿದೆ. ನನ್ನ ನೆನಪು ಸುಳ್ಳಾಗಿದ್ದರೆ, ಒಬ್ಬ ಮುದುಕನ ಗೊಣಗಾಟಕ್ಕೆ ಅವಳ ಮೊದಲ ವರದಿಯ ಮೇಲೆ ಕಲೆ ಬೀಳುತ್ತದೆ. ನಿಜವಾಗಿದ್ದು ನಾನು ಸುಮ್ಮನಿದ್ದರೆ, ಏಳುನೂರು ವರ್ಷದ ಒಂದು ಮನೆಯ ಅಂಗಳಕ್ಕೆ ಜೆಸಿಬಿ ಇಳಿಯುತ್ತದೆ. ಮಣ್ಣು ತುಂಬಿಹೋದ ಕಂದಕ ಖಾಲಿ ಕಂದಕಕ್ಕಿಂತ ಅಮೂಲ್ಯ. ಒದ್ದೆ ಕೆಸರಿನಡಿ ಗಾಳಿಯಾಡದೆ ಮರ, ಚರ್ಮ, ಹಣ್ಣಿನ ಬೀಜ ಎಲ್ಲ ಹಾಗೇ ಉಳಿದಿರುತ್ತವೆ. ಒಮ್ಮೆ ಅಗೆದು ಕಾಂಕ್ರೀಟು ಹಾಕಿದರೆ ಮುಗಿಯಿತು.

ಬೀನ್ಸ್ ಹೆಚ್ಚುತ್ತಿದ್ದ ಹಿಲ್ಡಾಳಿಗೆ ಎಲ್ಲ ಹೇಳಿದೆ. "ಆ ಬಾತು ಯಾವ ಬಣ್ಣ?" ಎಂದು ಕೇಳಿದಳು.

"ಬಿಳಿ."

"ಕೊಟ್ಟಿಗೆ?"

"ಕೆಂಪು ಇಟ್ಟಿಗೆ."

"ಎಲ್ಲ ಕ್ಯಾಲೆಂಡರಿನ ಚಿತ್ರದ ಹಾಗೆ ಉಂಟಲ್ಲ. ನಿಮ್ಮ ತಲೆಯನ್ನು ಬಿಡಿ, ಅವಳ ಫೋಟೋವನ್ನು ಇನ್ನೊಮ್ಮೆ ನೋಡಿ."

ಹೌದಲ್ಲ ಎನಿಸಿತು. ನೆನಪಿನ ಜೊತೆ ಗುದ್ದಾಡುತ್ತ ಫೋಟೋವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ರಚನಾ ತೋರಿಸಿದ ತುಂಡನ್ನು ನೋಡಿದ್ದೆ, ಅಷ್ಟೇ.

ಮರುದಿನ ಅವಳ ಪಕ್ಕ ಕುಳಿತು, "ಪೂರ್ತಿ ಫೋಟೋ ತೋರಿಸು," ಎಂದೆ. ಅವಳು ಚಿತ್ರವನ್ನು ಹಿಂದಕ್ಕೆ ಸರಿಸಿದಳು. ಚೌಕ ಸಣ್ಣದಾಯಿತು, ಸುತ್ತಲ ಹೊಲಗಳು ಕಂಡವು. ಅಂಚಿನ ಬೇಲಿಯಲ್ಲಿ ಒಂದು ಸಾಲು ಮರ. ಪ್ರತಿ ಮರದ ನೆರಳೂ ಪರದೆಯಲ್ಲಿ ಮೇಲ್ಮುಖವಾಗಿ, ಉತ್ತರಕ್ಕೆ ಬಿದ್ದಿತ್ತು.

ಆ ನೆರಳುಗಳ ಮೇಲೆ ಬೆರಳಾಡಿಸಿದೆ. ಆಮೇಲೆ ನಗು ಬಂತು.

"ಏನಾಯ್ತು ಅಂಕಲ್?"

"ಚಿತ್ರವನ್ನು ತಲೆಕೆಳಗು ಮಾಡು."

"ಯಾಕೆ?"

"ಮಾಡು ಮಾರಾಯ್ತಿ."

ತಿರುಗಿಸಿದಳು. ದಕ್ಷಿಣ ಮೇಲೆ ಬಂತು. ನಮ್ಮಿಬ್ಬರ ಕಣ್ಣೆದುರೇ ಏರಿ ಒಳಕ್ಕೆ ಕುಸಿದು ಕಂದಕವಾಯಿತು, ಮಧ್ಯದ ತಗ್ಗು ಮೇಲೆದ್ದು ಮನೆ ನಿಲ್ಲುವ ಜಗಲಿಯಾಯಿತು. ರಚನಾ "ಅಯ್ಯೋ ಶಿವನೇ" ಎಂದಳು. ಪುನಃ ತಿರುಗಿಸಿದಳು, ಏರಿ. ಮತ್ತೆ ತಿರುಗಿಸಿದಳು, ಕಂದಕ.

ಇದರಲ್ಲಿ ಮಾಯೆಯೇನಿಲ್ಲ. ಹೊಸಬರು ಇದೊಂದನ್ನು ಚೆನ್ನಾಗಿ ತಿಳಿದುಕೊಳ್ಳಿ. ಚಿತ್ರ ನೋಡುವಾಗ ಬೆಳಕು ಮೇಲಿನಿಂದ ಬೀಳುತ್ತಿದೆ ಎಂದು ನಮ್ಮ ಕಣ್ಣು ನಮ್ಮನ್ನು ಕೇಳದೆಯೇ ತೀರ್ಮಾನಿಸಿರುತ್ತದೆ. ಆಸ್ಟ್ರೇಲಿಯಾದಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕಿರುತ್ತಾನೆ. ಉತ್ತರ ಮೇಲಿರುವಂತೆ ಫೋಟೋ ಇಟ್ಟರೆ ಬೆಳಕು ಮೇಲಿನಿಂದಲೇ ಬಂದು, ತಗ್ಗು ತಗ್ಗಾಗಿಯೇ ಕಾಣುತ್ತದೆ. ಇಲ್ಲಿ ಕಲಿತವರಿಗೆ ಅದನ್ನು ತಿರುಗಿಸುವ ಅಗತ್ಯವೇ ಬೀಳುವುದಿಲ್ಲ. ಇಂಗ್ಲೆಂಡಿನಲ್ಲಿ ಸೂರ್ಯ ದಕ್ಷಿಣಕ್ಕೆ. ಅಲ್ಲಿನ ಫೋಟೋವನ್ನು ಉತ್ತರ ಮೇಲಾಗಿ ಇಟ್ಟರೆ ಬೆಳಕು ಕೆಳಗಿನಿಂದ ಬರುತ್ತದೆ, ಕಣ್ಣು ಮೋಸಹೋಗುತ್ತದೆ, ಹಳ್ಳ ದಿಣ್ಣೆಯಾಗುತ್ತದೆ. ಅದಕ್ಕೇ ನಾವು ಅಲ್ಲಿ ಫೋಟೋವನ್ನು ಮೇಜಿನ ಮೇಲೆ ತಿರುಗಿಸಿ, ನೆರಳು ನಮ್ಮ ಕಡೆ ಬೀಳುವಂತೆ ಇಟ್ಟುಕೊಂಡು ನೋಡುತ್ತಿದ್ದೆವು. ಕೈಗೆ ಅದು ಎಷ್ಟು ರೂಢಿಯೆಂದರೆ, ಯಾರಿಗೂ ಬಾಯಿಬಿಟ್ಟು ಹೇಳಿಕೊಡುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅದು ಎಲ್ಲ ಚಿತ್ರವನ್ನೂ ತಾನಾಗಿಯೇ ಉತ್ತರ ಮೇಲಾಗಿ ಕೂರಿಸುತ್ತದೆ. ಪರದೆಯನ್ನು ಯಾರು ತಿರುಗಿಸುತ್ತಾರೆ?

ರಚನಾ ಕೀಬೋರ್ಡನ್ನು ದೂರ ತಳ್ಳಿದಳು. ಆಗ ನಾನು ಕೆನ್‌ನ ಕಥೆ ಹೇಳಿದೆ. ಮೆಲ್ಬರ್ನ್‌ಗೆ ಹೊಸದಾಗಿ ಬಂದಾಗ, ಹಳೆಯ ಚಾಳಿಯಂತೆ ಇಲ್ಲಿನ ಫೋಟೋವನ್ನೂ ತಿರುಗಿಸಿ ಇಟ್ಟು, ಒಂದು ಕುರಿಹೊಲದ ಮಧ್ಯೆ ಯಾರೂ ಗಮನಿಸದ ದುಂಡನೆಯ ದಿಬ್ಬವೊಂದನ್ನು ಪತ್ತೆಹಚ್ಚಿದ್ದೆ. ಕೆನ್ ನನ್ನನ್ನು ಕೂರಿಸಿಕೊಂಡು ಅರ್ಧ ದಿನ ಕಾರು ಓಡಿಸಿದ. ಬೇಲಿ ಹಾರಿ ಹೋದೆವು. ಬೇಸಗೆಯಲ್ಲಿ ಒಣಗಿದ್ದಾಗ ತೆಗೆದ ಫೋಟೋ ಅದು. ನಾವು ಹೋಗುವಷ್ಟರಲ್ಲಿ ಮಳೆಯಾಗಿತ್ತು. ಕೆನ್ ಬಹಳ ಹೊತ್ತು ನೋಡಿ, "ನಿನ್ನ ದಿಬ್ಬದಲ್ಲಿ ದನ ನೀರು ಕುಡಿಯುತ್ತಿದೆ," ಎಂದ. ಅದು ರೈತ ತೋಡಿಸಿದ ಕೃಷಿಹೊಂಡ. ವಾಪಸ್ ಬರುವಾಗ ದಾರಿಯಲ್ಲಿ ಹೊಂಡ ಕಂಡಾಗಲೆಲ್ಲ "ಅಗೋ, ಇನ್ನೊಂದು ಬೆಟ್ಟ" ಎಂದು ಬೆರಳು ತೋರಿಸಿದ.

ರಚನಾ ನಕ್ಕಳು. ನಕ್ಕದ್ದು ಸ್ವಲ್ಪ ಹೊತ್ತು.

"ಅಂಕಲ್, ಡ್ರಾಫ್ಟ್ ಕಳ್ಸೀನಲ್ಲ. ಏನೂ ಇಲ್ಲ ಅಂತ ಬರ್ದೀನಿ."

"ಡ್ರಾಫ್ಟ್ ಇರುವುದೇ ಬದಲಾಯಿಸಲು. ನಾನು ಹೆಲೆನ್‌ಗೆ ಹೇಳುತ್ತೇನೆ, ಇದು ಯಾರಿಗಾದರೂ ಆಗಬಹುದಾದ..."

"ಬೇಡ." ಅವಳು ಎದ್ದು ನಿಂತಳು. "ನೀವ್ ಹೇಳಿದ್ರೆ ನೀವು ಹಿಡಿದ ತಪ್ಪಾಗುತ್ತೆ. ನಾನ್ ಹೇಳಿದ್ರೆ ನಾನೇ ತಿದ್ದಿದ್ದಾಗುತ್ತೆ. ನೀವು ಇಲ್ಲೇ ಕೂತ್ಕೊಂಡು ಟೀ ಕುಡೀರಿ."

ಗಾಜಿನ ಗೋಡೆಯಾಚೆ ಅವಳು ಹೆಲೆನ್ ಎದುರು ನಿಂತು ಲ್ಯಾಪ್‌ಟಾಪನ್ನು ಕೈಯಲ್ಲೆತ್ತಿ ಪೂರ್ತಿ ತಲೆಕೆಳಗೆ ಮಾಡಿ ತೋರಿಸುತ್ತಿದ್ದುದು ಕಂಡಿತು. ಹೆಲೆನ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ತಮ್ಮ ತಲೆಯನ್ನೇ ಒಮ್ಮೆ ವಾಲಿಸಿ ನೋಡಿದರು. ಟೀ ಯಾವಾಗ ಮುಗಿಯಿತೋ ಗೊತ್ತಿಲ್ಲ. ಅವಳು ಹೊರಗೆ ಬಂದು, "ಕಂದಕ ಅಂತ ಖಚಿತವಾಗಿ ಬರಿ, ಬಹುಶಃ ಹಾಕ್ಬೇಡ ಅಂದ್ರು," ಎಂದಳು. "ಆಮೇಲೆ, ಇಲ್ಲಿವರೆಗೆ ಮಾಡಿದ ಇಂಗ್ಲೆಂಡಿನ ಫೋಟೋ ಎಲ್ಲಾ ತಿರುಗಿಸಿ ನೋಡ್ಬೇಕಂತೆ. ಇಬ್ರೂ."

ನೋಡಿದೆವು. ಎರಡು ವಾರ ಬೇಜಾರಿನ ಕೆಲಸ. ಬೇರೆ ಕಡೆ ಲೇಸರ್ ನಮ್ಮನ್ನು ಕಾಪಾಡಿತ್ತು. ಅಂದಿನಿಂದ ಆ ಆಫೀಸಿನಲ್ಲಿ ಹಳೆಯ ಫೋಟೋ ಬಂದರೆ ಮೊದಲು ಮರ ಹುಡುಕಿ, ನೆರಳು ಎತ್ತ ಬಿದ್ದಿದೆ ಎಂದು ಬರೆದು, ಆಮೇಲೆ ಮುಂದಿನ ಮಾತು. ಆ ನಿಯಮ ಬರೆದವಳು ರಚನಾ.

ಹಾಲ್ ಫಾರ್ಮಿನ ಮಟ್ಟಿಗೆ ಅಲ್ಲಿನವರು ಒಂದು ಉದ್ದದ ಗುಂಡಿ ತೋಡಿ ನೋಡಿದರು. ಉಳುಮೆಯ ಮಣ್ಣಿನಡಿ ಕಪ್ಪು ಕೆಸರು, ಕೆಸರಿನಲ್ಲಿ ಸೇತುವೆಯ ಓಕ್ ತೊಲೆಗಳು, ಒಂದು ಚರ್ಮದ ಚಪ್ಪಲಿಯ ಅಟ್ಟೆ. ಬಡಾವಣೆಯ ನಕ್ಷೆ ಬದಲಾಯಿತು. ಮನೆಗಳು ಸುತ್ತ ಸರಿದವು, ನಡುವಿನ ಚೌಕವನ್ನು ಹುಲ್ಲುಹಾಸಾಗಿ ಬಿಟ್ಟರು. ಆ ಸುದ್ದಿ ಬಂದ ದಿನ ಹೆಲೆನ್ ಕೇಕ್ ತಂದರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ದಿನಗಳು ಹೆಚ್ಚಿರಲಿಲ್ಲ. ಸಿಕ್ಕ ಒಂದನ್ನು ನಾನು ನಿಧಾನವಾಗಿ ತಿಂದೆ.

ಅದೇ ಸುದ್ದಿಯ ಜೊತೆ ಅಲ್ಲಿನ ಅಧಿಕಾರಿ ಆ ಹೊಲದ ಹಿನ್ನೆಲೆಯನ್ನೂ ಬರೆದಿದ್ದರು. ಓದಿದೆ. ಇನ್ನೊಮ್ಮೆ ಓದಿದೆ. ಹೊಲವನ್ನು ಸಪಾಟು ಮಾಡಿದ್ದು ನಾನು ಇಂಗ್ಲೆಂಡಿಗೆ ಕಾಲಿಡುವುದಕ್ಕೆ ಬಹಳ ಮೊದಲು. ನಾನು ಓಡಾಡುವ ಕಾಲಕ್ಕೆ ಅಲ್ಲಿ ಇಳಿಯಲು ಕಂದಕವೇ ಇರಲಿಲ್ಲ. ಇಟ್ಟಿಗೆ ಕೊಟ್ಟಿಗೆ ಇರಲಿಲ್ಲ, ವಾಲ್‌ನಟ್ ಇರಲಿಲ್ಲ. ನಕ್ಷೆ ತೆರೆದು ಹುಡುಕಿದೆ. ಆ ಸೀಮೆಯಲ್ಲಿ ಹಾಲ್ ಫಾರ್ಮ್ ಎಂಬ ಹೆಸರು ನಮ್ಮಲ್ಲಿ ಹೊಸಮನೆ ಎಂಬ ಹೆಸರಿದ್ದ ಹಾಗೆ, ಊರಿಗೊಂದು. ನಾನು ನಡೆದದ್ದು ಯಾವುದೋ ಬೇರೆ ಹಾಲ್ ಫಾರ್ಮಿನಲ್ಲಿ. ಅಲ್ಲಾದರೂ ನಡೆದಿದ್ದೆನೋ, ಡೆರೆಕ್ ನಡೆದಿದ್ದನೋ.

ಸಂಜೆ ರಚನಾ ಮತ್ತು ನಾನು ಒಂದೇ ಮೆಟ್ರೋ ಹತ್ತಿದೆವು. ಅವಳು ಕೆಲ್ಲಿವಿಲ್‌ನಲ್ಲಿ ಇಳಿಯುತ್ತಾಳೆ. ನಾನು ಕೊನೆಯ ಸ್ಟೇಷನ್ನಿನಲ್ಲಿ, ಅಲ್ಲಿಗೆ ಹಿಲ್ಡಾ ಕಾರು ತರುತ್ತಾಳೆ. ಹೇಳದಿರಲು ಆಗಲಿಲ್ಲ.

"ರಚನಾ, ನಾನು ಆ ಹೊಲಕ್ಕೆ ಹೋಗಿಯೇ ಇರಲಿಲ್ಲ."

ವಿಷಯವೆಲ್ಲ ಕೇಳಿ ಅವಳು ನನ್ನ ಕಡೆ ತಿರುಗಿದಳು. "ಹಂಗಾದ್ರೆ ಅವತ್ತು ನನ್ ಡೆಸ್ಕ್ ಹತ್ರ ನಿಂತ್ಕೊಂಡ್ರಲ್ಲ, ಬಾತು, ಕೊಟ್ಟಿಗೆ, ಅದೆಲ್ಲ ಸುಳ್ಳಾ?"

"ಸುಳ್ಳಲ್ಲ, ತಪ್ಪು. ಬೇರೆ ಜಾಗದ್ದು."

"ಸರಿಯಾಗಿ ನೆನಪಿದ್ದಿದ್ರೆ ಏನ್ ಮಾಡ್ತಿದ್ರಿ?"

"ಇದು ನಾನು ನೋಡಿದ ಜಾಗವಲ್ಲ ಎಂದುಕೊಂಡು ಹಾಗೇ ಹೋಗಿ ಕಾಫಿ ತರುತ್ತಿದ್ದೆ."

"ನನ್ ವರದಿ ಹೋಗ್ಬಿಡ್ತಿತ್ತು. ಮೇಲೆ ಮನೆ ಬಂದ್ಬಿಡ್ತಿತ್ತು."

"ಹೌದು."

ಕೆಲ್ಲಿವಿಲ್ ಬಂತು. ಅವಳು ಬ್ಯಾಗು ಹೆಗಲಿಗೇರಿಸಿ ಇಳಿದಳು. ಪ್ಲಾಟ್‌ಫಾರ್ಮಿನಲ್ಲಿ ಹಿಂತಿರುಗಿ, ಬಾಗಿಲು ಮುಚ್ಚುವಷ್ಟರಲ್ಲಿ ಕೂಗಿ ಹೇಳಿದಳು:

"ಅಂಕಲ್, ನಾಳೆ ಇನ್ನೊಂದು ಹಾಲ್ ಫಾರ್ಮ್ ಫೈಲ್ ಬರ್ತಾ ಐತಿ. ಅದ್ರ ಬಗ್ಗೇನೂ ಏನಾದ್ರೂ ತಪ್ಪು ನೆನಪೈತಾ, ರಾತ್ರಿ ಕೂತು ಸ್ವಲ್ಪ ನೋಡಿ!"